ಕಡುನಿಂಬದ ಸೀಸೆ

ಮುಂಬಯಿ ಬಳಿಯ ಡೊಂಬಿವಲಿಗೆ ಬಂದ ಹೊಸತರಲ್ಲಿ ಅಮ್ಮನ ವಸಡು ಬಾತು, ಅನ್ನ ಅಗಿಯುವುದೂ ಕಷ್ಟವಾಯಿತು. ಹಲ್ಲಿನ ಡಾಕ್ಟರರ ಬಳಿ ಹೋಗೋಣವೆಂದರೆ, "ಬೇವಿನೆಣ್ಣೆ ತಾ ಮಾರಾಯ, ಊರಲ್ಲಿ ಅದರಲ್ಲೇ ಗುಣ ಆಗ್ತಿತ್ತು" ಎಂದು ಹಟ ಹಿಡಿದಳು. ಲೋಕಲ್ ರೈಲಿನಿಂದ ಇಳಿದು ಮೂರು ಸಂಜೆ ಅಂಗಡಿ ಅಲೆದೆ. ಬೇವಿಗೆ ಮರಾಠಿಯಲ್ಲಿ ಏನೆನ್ನುತ್ತಾರೋ ಗೊತ್ತಿರಲಿಲ್ಲ; ವಸಡಿಗೆ ಎಣ್ಣೆ ಎಂದರೆ ಎಲ್ಲರೂ ಕೊಟ್ಟದ್ದು 'ಕಡುನಿಂಬ' ಎಂದು ಬರೆದ ಸೀಸೆ. ನಿಂಬೆಯೆಣ್ಣೆ ಯಾರಿಗೆ ಬೇಕೆಂದು ರೇಗಿ ಬರಿಗೈಯಲ್ಲಿ ಬಂದೆ.

ನಾಲ್ಕನೆಯ ದಿನ ಅಮ್ಮ ಪಕ್ಕದ ಮನೆಯ ಮರಾಠಿ ಹೆಂಗಸಿಗೆ ಕಿಟಕಿಯಾಚೆಯ ಬೇವಿನ ಮರ ತೋರಿಸಿದಳು. ಅವಳು ತಂದುಕೊಟ್ಟದ್ದು ಅದೇ ಸೀಸೆ. ಮರಾಠಿಯ ನಿಂಬವೆಂದರೆ ನಮ್ಮ ಬೇವು.

ಉಜ್ಜಿದರೂ ವಸಡಿನ ಬಾವು ಇಳಿಯಲಿಲ್ಲ. ಮತ್ತೆ ಡಾಕ್ಟರರ ಮಾತೆತ್ತಿದರೆ, "ಮನೆಗೇ ಮೊದಲ ಬಿ.ಎ. ನೀನು, ಮೊದಲು ಬೇವು ಕಲಿ" ಎಂದಳು. ಕೊನೆಗೆ ಅವಳನ್ನು ಡಾಕ್ಟರರಲ್ಲಿಗೆ ಎಳೆದೊಯ್ದದ್ದು ಪಕ್ಕದ ಮನೆಯವಳು. ನಾನು ಹೇಳಿದ್ದೂ ಅದನ್ನೇ.