ಶಿಲ್ಕು ನಾನೂರ ಹನ್ನೆರಡು

ಅಕ್ಷರ ದುಂಡಗಿದ್ದವನಿಗೆ ಲೆಕ್ಕವೂ ಬರುತ್ತದೆ ಎಂದು ನಮ್ಮೂರಿಗೆ ಯಾರು ಹೇಳಿಕೊಟ್ಟರೋ ಕಾಣೆ. ಅರವತ್ತರ ದಶಕದ ಮೊದಲ ವರ್ಷಗಳು. ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯ ಊರೊಂದರಲ್ಲಿ ನಾನು ದರ್ಜಿ. ಗಿರಾಕಿಗಳ ಅಳತೆಯನ್ನು ಚೀಟಿಯಲ್ಲಿ ಬರೆದು ಬಟ್ಟೆಗೆ ಸಿಕ್ಕಿಸುತ್ತಿದ್ದೆ. ಆ ಚೀಟಿಗಳ ಅಕ್ಷರ ನೋಡಿಯೇ ನನ್ನನ್ನು ಕೆರೆ ಸಂಘಕ್ಕೆ ಖಜಾಂಚಿ ಮಾಡಿದರು. ಅಟ್ಟ ಹತ್ತಿಸಿದರೆ ಹತ್ತುವ ಗುಣ ನನ್ನದು; ಒಪ್ಪಿಕೊಂಡೆ.

ಕೆರೆಯಲ್ಲಿ ಎಮ್ಮೆಯ ಬೆನ್ನು ಮುಳುಗುವಷ್ಟೂ ನೀರು ನಿಲ್ಲುತ್ತಿರಲಿಲ್ಲ, ಅಷ್ಟು ಹೂಳು. ಗದ್ದೆಗೆ ನೀರು ಬಿಡುವ ತೂಬು ಒಡೆದು, ಇದ್ದ ನೀರೂ ಸೋರಿಹೋಗುತ್ತಿತ್ತು. ಅತ್ತ ಲಿಂಗನಮಕ್ಕಿಯಲ್ಲಿ ನದಿಗೇ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಸಿಮೆಂಟೆಲ್ಲ ಆ ಕಡೆಗೆ. ನಮ್ಮ ಒಂದು ತೂಬಿಗೆ ಹತ್ತು ಮೂಟೆ ಕೇಳಲು ಬ್ಲಾಕ್ ಆಫೀಸಿಗೆ ಅಲೆದು ಅಲೆದು ನನ್ನ ಚಪ್ಪಲಿ ಸವೆಯಿತು. ಕೊನೆಗೆ ಒಬ್ಬ ಓವರ್‌ಸಿಯರ್ ಬಂದು ಏರಿಯ ಮೇಲೆ ನಿಂತು ನೋಡಿದ.

“ಅರ್ಧ ಸರ್ಕಾರದ್ದು, ಅರ್ಧ ನಿಮ್ದು. ದುಡ್ಡಿಲ್ದಿದ್ರೆ ಆಳು ಹಾಕಿ. ಒಂದಾಳಿಗೆ ಒಂದೂವರೆ ರೂಪಾಯಿ ಅಂತ ಜಮಾ ಬರ್ಕೊಳಿ, ಟೈಲರೇ” ಎಂದ.

ನಮ್ಮಲ್ಲಿ ನಾಟಿಗೆ, ಕೊಯ್ಲಿಗೆ ಮುಯ್ಯಾಳಿನ ಪದ್ಧತಿ. ಇವತ್ತು ನಾನು ನಿನ್ನ ಗದ್ದೆಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ ಬರಬೇಕು. ಕೂಲಿಯ ಮಾತಿಲ್ಲ, ದಿನಕ್ಕೆ ದಿನ ತೀರಬೇಕು. ಜನ ಕೆರೆಗೂ ಹಾಗೆಯೇ ಬಂದರು, ಮುಯ್ಯಾಳಿಗೆ ಹೋದಂತೆ ಗುದ್ದಲಿ, ಬುಟ್ಟಿ, ಬುತ್ತಿ ಹಿಡಿದು. ಕೆರೆ ಯಾರಿಗೆ ಮುಯ್ಯಿ ತೀರಿಸೀತು ಎಂದು ಆಗ ಯಾರೂ ಕೇಳಲಿಲ್ಲ. ಗೇಣಿ ಗದ್ದೆ ಮಾಡುತ್ತಿದ್ದ ನನ್ನ ಬಾಲ್ಯದ ಗೆಳೆಯನೊಬ್ಬ ಹದಿನೆಂಟು ದಿನ ಹೂಳು ಹೊತ್ತ. ಅವನ ಹೆಸರಿನ ಮುಂದೆ ಇಪ್ಪತ್ತೇಳು ರೂಪಾಯಿ ಜಮಾ ಬರೆದೆ, ದುಂಡಗೆ.

ಆದರೂ ನಮ್ಮ ಅರ್ಧಕ್ಕೆ ಅರವತ್ತು ಆಳು ಕಡಿಮೆ ಬಿತ್ತು. ಕೆರೆಯ ಕೆಳಗೆ ಎಲ್ಲರಿಗಿಂತ ಹೆಚ್ಚು ಜಮೀನಿದ್ದವರು ಸಂಘದ ಅಧ್ಯಕ್ಷರು. “ನನ್ನ ಹೆಸ್ರಿಗೆ ಬರಿ, ಆಮೇಲೆ ಕಳಿಸ್ತೀನಿ” ಎಂದರು. ಬರೆದೆ. ಸರ್ಕಾರದ ಹಣ ಬಂತು, ತೂಬು ಆಯಿತು, ಅವರ ಆಳುಗಳು ಮಾತ್ರ ಬರಲಿಲ್ಲ. ನಾನೂ ಕೇಳಲಿಲ್ಲ. ಆ ತಪ್ಪು ನನ್ನದೇ. ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ.

ಇನ್ನೊಂದು ತಪ್ಪು ಅದಕ್ಕಿಂತ ದಡ್ಡತನದ್ದು. ಬಂದ ಆಳನ್ನು ಜಮಾ ಬರೆದವನು, ಅದೇ ಆಳು ಹೂಳು ತೆಗೆಯಲು ಖರ್ಚಾಯಿತು ಎಂದು ಎದುರಿನ ಪುಟದಲ್ಲಿ ಬರೆಯಲಿಲ್ಲ. ಓವರ್‌ಸಿಯರ್ ಹೇಳಲಿಲ್ಲ, ನನಗೆ ಹೊಳೆಯಲಿಲ್ಲ. ಮೈ ದಣಿದದ್ದನ್ನೂ ಖರ್ಚು ಎಂದು ಬರೆಯಬೇಕೆಂದು ಕತ್ತರಿ ಹಿಡಿಯುವವನಿಗೆ ಹೇಗೆ ಗೊತ್ತಾಗಬೇಕು?

ವರ್ಷದ ಸಭೆ ಶಾಲೆಯ ಜಗಲಿಯಲ್ಲಿ ಸೇರಿತು. ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಇಷ್ಟು ಜಮಾ, ಇಷ್ಟು ಖರ್ಚು, ಖರ್ಚು ಕಳೆದು ಕೈಯಲ್ಲಿ ಉಳಿದ ಶಿಲ್ಕು ನಾನೂರ ಹನ್ನೆರಡು ರೂಪಾಯಿ. ಓದಿ ಮುಗಿಸಿದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು. ಪಕ್ಕದಲ್ಲಿದ್ದ ಸಂಘದ ಡಬ್ಬಿಯಲ್ಲಿ ಏಳು ರೂಪಾಯಿ ಇತ್ತು.

“ಶಿಲ್ಕು ತೋರ್ಸಿ” ಎಂದರು ಯಾರೋ. ಡಬ್ಬಿ ತೆಗೆದು ತೋರಿಸಿದೆ.

“ಉಳಿದದ್ದು ಇನ್ನೂರ ಎಪ್ಪತ್ತು ಆಳಿನ ಲೆಕ್ಕ. ದುಡ್ಡಲ್ಲ” ಎಂದೆ.

“ಆಳಾದ್ರೆ ರೂಪಾಯಿ ಅಂತ ಎಂತಕ್ಕೆ ಬರ್ದೆ ಮಾರಾಯ?” ಕೇಳಿದವನು ನನ್ನ ಗೆಳೆಯ. “ನನ್ ಹೆಸ್ರಲ್ಲಿ ಇಪ್ಪತ್ತೇಳು ಜಮಾ ಅದೆ ಅಂತ ನೀನೇ ಓದ್ದೆ. ಮುಯ್ಯಿ ಅಂದ್ಮೇಲೆ ತಿರುಗಿ ಬರ್ಬೇಕಲ್ಲ?”

ನಾನು ಅಧ್ಯಕ್ಷರ ಮುಖ ನೋಡಿದೆ. ಅಡಿಕೆ ಮಂಡಿಯ ಲೆಕ್ಕದಲ್ಲಿ ಪಳಗಿದ ಮನುಷ್ಯ. ನನ್ನ ತಪ್ಪು ಎಲ್ಲಿದೆ ಎಂದು ಒಂದು ಮಾತಿನಲ್ಲಿ ಬಿಡಿಸಿ ಹೇಳಬಲ್ಲವರು. ಆದರೆ ಆಳಿನ ಪುಟ ಬಿಚ್ಚಿದರೆ ಅವರ ಅರವತ್ತೂ ಹೊರಗೆ ಬೀಳುತ್ತಿತ್ತು. ಅವರು ಎಲೆಗೆ ಸುಣ್ಣ ಸವರುತ್ತ ಕೂತರು.

ಮಾರನೆಯ ದಿನ ಅವರ ಮನೆಗೆ ಹೋದೆ. “ದರ್ಜಿ ಬೈಂದ, ಒಂದು ಲೋಟ ಮಜ್ಜಿಗೆ ತಗಬಾರೆ” ಎಂದು ತಮ್ಮ ಮನೆಮಾತಿನಲ್ಲಿ ಹೆಂಡತಿಗೆ ಕೂಗಿ, ಮಜ್ಜಿಗೆ ತರಿಸಿದರು. ಉಪಚಾರಕ್ಕೇನೂ ಕಡಿಮೆಯಿಲ್ಲ. ನಾನು ವಿಷಯ ಎತ್ತಿದಾಗ, “ಬರೆದವ್ನು ನೀನಲ್ವಾ? ನಾನೆಂತ ಹೇಳ್ಲಿ?” ಎಂದರು. ಮಜ್ಜಿಗೆ ಕುಡಿದು ಎದ್ದು ಬಂದೆ. ಲೋಟ ಎಸೆದು ಬರಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಅಷ್ಟರಲ್ಲಿ ಊರು ನನಗೆ ಹೆಸರಿಟ್ಟಾಗಿತ್ತು: ಕೆರೆ ನುಂಗಿದ ಟೈಲರ್. ಹೆಂಡತಿ ಬಾವಿಕಟ್ಟೆಗೆ ಹೋದರೆ ಮಾತು ನಿಲ್ಲುತ್ತಿತ್ತು. ನನಗೆ ಇದ್ದ ಆಸ್ತಿ ಒಂದು ಹೊಲಿಗೆ ಯಂತ್ರ ಮತ್ತು ಒಂದು ಹೆಸರು. ಯಂತ್ರ ಸವೆಸಿಯಾದರೂ ಹೆಸರು ಉಳಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದೆ. ಮುಯ್ಯಿ ಕೇಳಿದರಲ್ಲ, ಮುಯ್ಯಿಯನ್ನೇ ತೀರಿಸುತ್ತೇನೆ: ಒಂದು ಆಳಿಗೆ ಒಂದು ಹೊಲಿಗೆ, ಕೂಲಿ ಇಲ್ಲದೆ. ಅಂಗಿಯೋ, ರವಿಕೆಯೋ, ಚಡ್ಡಿಯೋ, ಅವರಿಷ್ಟ. ಹಾಗೆಂದು ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದೆ.

ಯಾರಾದರೂ ಒಬ್ಬರು ‘ಬೇಡ ಬಿಡು’ ಎಂದಾರು ಎಂದುಕೊಂಡಿದ್ದೆ. ಎಲ್ಲರೂ ಬಟ್ಟೆ ತಂದರು. ಹೋದ ವರ್ಷ ಹರಿದ ಅಂಗಿಯಲ್ಲೇ ದೀಪಾವಳಿ ಕಳೆದವರೂ ಸಾಗರಕ್ಕೆ ಬಸ್ಸು ಹತ್ತಿ ಬಟ್ಟೆ ಕೊಂಡು ತಂದರು. ದುಡ್ಡು ಕೊಡುವ ಗಿರಾಕಿಗಳು ಕಾದು ಕಾದು ಬೇರೆ ಅಂಗಡಿ ನೋಡಿಕೊಂಡರು. ಅಧ್ಯಕ್ಷರೂ ಬಟ್ಟೆ ಕಳಿಸಿದರು, ಅರವತ್ತಕ್ಕೆ, ಒಂದೂ ಕಡಿಮೆಯಿಲ್ಲದಂತೆ. ಎಲ್ಲ ತೋಟದ ಆಳುಗಳ ಅಳತೆ. ಕೆರೆಗೆ ಕಳಿಸದ ಆಳುಗಳಿಗೆ ನನ್ನ ಕೈಯಿಂದ ಅಂಗಿ ಹೊಲಿಸಿ, ಹಬ್ಬದ ಉಡುಗೊರೆ ಎಂದು ತಮ್ಮ ಕೈಯಿಂದ ಹಂಚಿದರು. ಪುಸ್ತಕದಲ್ಲಿ ಅವರ ಅರವತ್ತು ಇತ್ತಲ್ಲ, ನನ್ನದೇ ಅಕ್ಷರದಲ್ಲಿ. ಹೊಲಿದುಕೊಟ್ಟೆ.

ಬಡವರು ಕೈಯಲ್ಲಿ ಕಾಸಾದಾಗೊಮ್ಮೆ ಬಟ್ಟೆ ತರುತ್ತಿದ್ದರು; ಇನ್ನೂರ ಎಪ್ಪತ್ತು ಹೊಲಿಗೆ ಮುಗಿಯಲು ಎರಡು ವರ್ಷ ಹಿಡಿಯಿತು. ಆ ಬೇಸಿಗೆಗಳಲ್ಲಿ ಕೆರೆಯ ಕೆಳಗಿನ ಗದ್ದೆ ಹಸಿರಾಗಿತ್ತು ಎಂದು ಕೇಳಿದೆ. ನಾನು ಆ ಕಡೆ ಹೋಗಲಿಲ್ಲ.

ಕೊನೆಯ ಅಂಗಿ ಗೆಳೆಯನದು, ಅವನ ಹದಿನೆಂಟನೆಯದು. ಅಂಗಡಿಯಲ್ಲೇ ತೊಟ್ಟು, ತೋಳು ಎತ್ತಿ ಇಳಿಸಿ ನೋಡಿದ. ಸರಿಯಾಗಿ ಕೂತಿತ್ತು. ನಾನು ಪುಸ್ತಕ ತೆಗೆದು ಅವನ ಹೆಸರಿನ ಎದುರು ‘ಚುಕ್ತಾ’ ಎಂದು ಬರೆದು ತೋರಿಸಿದೆ. ಇವನಾದರೂ ಈಗ ಹೇಳುತ್ತಾನೆ, ನೀನು ತಿಂದವನಲ್ಲ ಅಂತ ಒಂದು ಮಾತು ಹೇಳುತ್ತಾನೆ ಎಂದು ಅವನ ಬಾಯಿ ನೋಡುತ್ತ ನಿಂತೆ.

ಅವನು ನನ್ನ ಹೆಗಲ ಮೇಲೆ ಕೈಯಿಟ್ಟ. ಕಣ್ಣಲ್ಲಿ ನಿಜವಾದ ಪ್ರೀತಿ ಇತ್ತು.

“ಬಿಡು ಮಾರಾಯ, ಮನ್ಸಿಗೆ ಹಚ್ಕೋಬೇಡ. ತಿಂದೋರು ಊರಲ್ಲಿ ಎಷ್ಟು ಜನ ಇಲ್ಲ? ತಿರುಗಿ ಕೊಟ್ಟೋನು ನೀನೊಬ್ನೇ” ಎಂದ.