ವೆಸ್ಟಾ ಅತ್ತೆಯ ಕಂದು ಷೂ

ನನ್ನ ಅಪ್ಪನ ತಂಗಿ ವೆಸ್ಟಾ ಲೆಡ್‌ಬೆಟರ್ ನಲವತ್ತೊಂದು ವರ್ಷ ನಮ್ಮೂರ ಕಾಲುಚೀಲದ ಗಿರಣಿಯಲ್ಲಿ ಕೂತು ಕಾಲುಚೀಲಗಳ ಬೆರಳ ತುದಿ ಹೊಲಿದಳು. ಅಲಬಾಮಾದ ಈ ಮೂಲೆಯಿಂದ ಹೋದ ಕಾಲುಚೀಲಗಳನ್ನು ಅಮೆರಿಕದ ಅರ್ಧ ಜನ ಹಾಕಿಕೊಂಡಿರಬೇಕು. ಅದೇ ಜನ ಅತ್ತೆಯನ್ನು ನೋಡಿದ್ದು ಮಾತ್ರ ಬರಿಗಾಲಲ್ಲಿ.

ಅರವತ್ತನಾಲ್ಕನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದಿಂದ ನಾಲ್ಕು ಜನ ಕ್ಯಾಮೆರಾ ಹೊತ್ತು ಬಂದರು. ನಮ್ಮಂಥ ಗುಡ್ಡದ ಊರಿನವರ ಮೇಲೆ ಟೀವಿಯಲ್ಲಿ ನಗೆ ಧಾರಾವಾಹಿ ಶುರುವಾಗುವುದಿತ್ತು. ಅದರ ಮೊದಲಲ್ಲಿ ತೋರಿಸಲು ಒಂದು ಜಗಲಿ ಬೇಕಿತ್ತು. ಅಜ್ಜಿ ಐಸು ಹಾಕಿದ ಸಿಹಿ ಚಹಾ ಕೊಟ್ಟಳು, ಬೆಣ್ಣೆ ಕೇಕು ಕೊಟ್ಟಳು. ಅವರು ಕೇಕು ತಿಂದು, ಕಿಟಕಿಯ ಪರದೆ ಬಿಚ್ಚಿದರು. ಅಡುಗೆಮನೆಯಲ್ಲಿದ್ದ ಬಟ್ಟೆ ಒಗೆಯುವ ಹೊಸ ಯಂತ್ರವನ್ನು ಎತ್ತಿ ತಂದು, ಅದನ್ನೆಲ್ಲಿಡಬೇಕೆಂದೂ ತಿಳಿಯದ ಹಳ್ಳಿಗರ ಮನೆಯ ಹಾಗೆ, ಜಗಲಿಯಲ್ಲಿಟ್ಟರು. ನನಗಾಗ ಒಂಬತ್ತು ವರ್ಷ. ಬಾಗಿಲ ಹಿಂದೆ ನಿಂತು ಎಲ್ಲ ನೋಡುತ್ತಿದ್ದೆ.

ಅಷ್ಟರಲ್ಲಿ ಅತ್ತೆ ಚರ್ಚಿನಿಂದ ಬಂದಳು. ಇಪ್ಪತ್ತನಾಲ್ಕು ವರ್ಷ, ಇಸ್ತ್ರಿ ಮಾಡಿದ ಲಂಗ, ಕಾಲಿಗೆ ಪಟ್ಟಿ ಇರುವ ಕಂದು ಷೂ. ಅದು ಗಿರಣಿಯ ಮೊದಲ ಸಂಬಳದಲ್ಲಿ ಕೊಂಡದ್ದು.

"ಷೂ ಬಿಚ್ಚಮ್ಮ, ಕ್ಯಾಮೆರಾಗೆ ಸರಿಹೋಗಲ್ಲ," ಎಂದ ಅವರಲ್ಲೊಬ್ಬ.

"ನಾವು ಹೊರಗಡೆ ಬರಿಗಾಲಲ್ಲಿ ಓಡಾಡಲ್ಲ ಸಾರ್."

"ಬಿಚ್ಚೇ, ಹೋಗ್ಲಿ," ಎಂದಳು ಅಜ್ಜಿ. "ಮನೆಗೆ ಬಂದೋರ ಮನಸ್ಸು ಯಾಕೆ ನೋಯಿಸ್ತೀಯ?"

ಇದೇ ನಮ್ಮ ಜನದ ರೋಗ. ನಮ್ಮ ಜಗಲಿಯಲ್ಲಿ ಕೂತು ಒಂದು ತುಂಡು ಕೇಕು ತಿಂದವನಿಗೆ ಇಲ್ಲ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಅತ್ತೆ ಷೂ ಬಿಚ್ಚಿದಳು. ಅವಳ ಪಾದ ತೀರಾ ಶುಭ್ರವಾಗಿದೆಯೆಂದು ಅಂಗಳದ ಕೆಂಪು ಮಣ್ಣು ಕಲಸಿ ಬಳಿದರು. ವಿಮಾನವನ್ನೇ ಕಾಣದವಳ ಹಾಗೆ ಬಾಯಿ ತೆರೆದು ಮೇಲೆ ನೋಡು ಎಂದರು. ನೋಡಿದಳು.

ಟೀವಿಯಲ್ಲಿ ಅದು ಆರು ಸೆಕೆಂಡು ಬಂತು. ಮೊದಲು ಮಣ್ಣು ಮೆತ್ತಿದ ಪಾದ, ಆಮೇಲೆ ಅವಳ ಮುಖ. ಅವತ್ತು ನಮ್ಮ ಜಗಲಿಯಲ್ಲಿ ಯಾರೂ ನಕ್ಕಿರಲಿಲ್ಲ. ಟೀವಿಯಲ್ಲಿ ಮಾತ್ರ ಕಾಣದ ನೂರು ಜನ ಹೋ ಎಂದು ನಗುತ್ತಿದ್ದರು. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಊರಿಗೆ ಊರೇ ಆ ಧಾರಾವಾಹಿಯನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಅದರೊಳಗಿನ ಊರು ಚೆನ್ನಾಗಿತ್ತು. ಊರಿನ ಪೊಲೀಸು ಅಧಿಕಾರಿ ಶೆರೀಫ್ ಒಳ್ಳೆಯವನು, ಅವನ ಕೈಕೆಳಗಿನವನು ಪೆದ್ದ, ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಊಟ. ಆದರೆ ಒಂದು ಗಿರಣಿ ಇರಲಿಲ್ಲ. ಹತ್ತಿಯ ಧೂಳಿಗೆ ಕೆಮ್ಮುವವರೂ ಇರಲಿಲ್ಲ. ಅಲ್ಲಿ ಯಾರೂ ಕೆಲಸಕ್ಕೇ ಹೋಗುತ್ತಿರಲಿಲ್ಲ.

ಆಮೇಲೆ ಅತ್ತೆಯ ಬರಿಗಾಲನ್ನು ಯಾರೂ ನೋಡಲಿಲ್ಲ. ಹೊಳೆಯಲ್ಲಿ ದೀಕ್ಷಾಸ್ನಾನಕ್ಕೂ ಕಾಲುಚೀಲ ಹಾಕಿಕೊಂಡೇ ಇಳಿದಳು. ಮದುವೆಯಾಗಲಿಲ್ಲ; ಯಾಕೆ ಎಂದು ನಾನು ಕೇಳಲಿಲ್ಲ. ಆ ಕಂದು ಷೂವನ್ನು ಮತ್ತೆ ಹಾಕಲಿಲ್ಲ, ಎಸೆಯಲೂ ಇಲ್ಲ.

ಧಾರಾವಾಹಿ ಮುಗಿದ ಮೇಲೂ ದಿನಾ ಸಂಜೆ ನಾಲ್ಕಕ್ಕೆ ಮರುಪ್ರಸಾರ. ಅತ್ತೆ ಸರಿಯಾಗಿ ನಾಲ್ಕಕ್ಕೆ ಟೀವಿ ಹಾಕುವಳು, ಆ ಆರು ಸೆಕೆಂಡು ನೋಡುವಳು, ಆರಿಸುವಳು. ಮುಖದಲ್ಲಿ ಸಿಟ್ಟಿಲ್ಲ, ದುಃಖವಿಲ್ಲ. ಒಮ್ಮೆ ನಾನೇ ರೇಗಿದೆ.

"ಬೇಡದ್ದನ್ನ ದಿನಾ ಯಾಕೆ ನೋಡ್ತೀಯ ಅತ್ತೆ?"

"ಯಾವತ್ತಾದ್ರೂ ಆ ಜಾಗ ಕತ್ತರಿಸಿರ್ತಾರೇನೋ ಅಂತ," ಎಂದಳು.

ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕೇಳಿದ್ದು ಒಂದೇ. "ಜೋನೆಲ್, ನನ್ನ ಬರಿಗಾಲಲ್ಲಿ ಹೂಳಬೇಡ ಕಣೇ. ಆ ಷೂ ಹಾಕು." ಹಾಕ್ತೀನಿ ಎಂದೆ.

ಶವಸಂಸ್ಕಾರದ ಅಂಗಡಿಯ ಪರ್ವಿಸ್ ತಲೆ ಅಲ್ಲಾಡಿಸಿದ. "ಶವಪೆಟ್ಟಿಗೆಯ ಮುಚ್ಚಳ ಎರಡು ಭಾಗ, ತಲೆಯ ಕಡೆಯದನ್ನ ಮಾತ್ರ ತೆಗೆದಿರ್ತೀವಿ ಅಕ್ಕ. ಕಾಲು ಯಾರಿಗೆ ಕಾಣತ್ತೆ? ನಮ್ಮಲ್ಲಿ ಯಾರಿಗೂ ಷೂ ಹಾಕಲ್ಲ. ಅದೂ ಅಲ್ದೆ ಪಾದ ಊದಿದೆ. ಪಕ್ಕದಲ್ಲಿ ಇಟ್ಟುಬಿಡ್ತೀನಿ."

"ಪಕ್ಕದಲ್ಲಿಟ್ಟರೆ ಹಾಕಿದ ಹಾಗಾಗಲ್ಲ."

"ಹಾಗಾದ್ರೆ ಹಿಂದುಗಡೆ ಸೀಳಬೇಕಾಗತ್ತೆ."

"ಸೀಳು."

ಅವನು ಹಿಮ್ಮಡಿಯ ಕಡೆ ಚರ್ಮ ಸೀಳಿದ. ಅವಳೇ ಹೊಲಿದಿದ್ದ ಕಾಲುಚೀಲ ನಾನೇ ಹಾಕಿದೆ, ಪಟ್ಟಿ ನಾನೇ ಬಿಗಿದೆ. ನನಗೆ ಅಳು ಬರಲಿಲ್ಲ. ಕೂತು ಕೂತು ಕಾಲು ಜೋಮು ಹಿಡಿಯುತ್ತದಲ್ಲ, ಮನಸ್ಸೂ ಹಾಗೇ ಆಗಿತ್ತು. ಮುಟ್ಟಿದರೂ ಏನೂ ತಿಳಿಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಕೊನೆಯ ದರ್ಶನಕ್ಕೆ ಜನ ಸಾಲು ಹಚ್ಚಿದರು. ಚಿಕ್ಕಪ್ಪನ ಮಗ ವೆಂಡೆಲ್ ಪೆಟ್ಟಿಗೆಯ ತಲೆಯ ಕಡೆ ದೊಡ್ಡ ಟೀವಿ ನಿಲ್ಲಿಸಿದ್ದ. ಅದರಲ್ಲಿ ಆ ಆರು ಸೆಕೆಂಡು ಮುಗಿದು ಮತ್ತೆ ಮತ್ತೆ ಶುರುವಾಗುತ್ತಿತ್ತು, ನಗುವಿನ ಸಮೇತ.

"ಏನೋ ಇದು ವೆಂಡೆಲ್?"

"ಅತ್ತೆ ನಮ್ಮೂರ ಸ್ಟಾರ್ ಅಲ್ವಾ ಅಕ್ಕ! ರಾತ್ರಿಯೆಲ್ಲ ಕೂತು ಜೋಡಿಸಿದೆ." ಅವನ ಕಣ್ಣು ತುಂಬಿತ್ತು. ಅವನು ಅವಳನ್ನು ನಿಜಕ್ಕೂ ಪ್ರೀತಿಸುತ್ತಿದ್ದ. ಬೈಯಲು ಬಾಯಿ ತೆರೆದೆ, ಆಗಲಿಲ್ಲ. ನಾನೂ ಅದೇ ಅಜ್ಜಿಯ ಮೊಮ್ಮಗಳು.

ಸಾಲಿನಲ್ಲಿದ್ದವರು ಅತ್ತೆಯ ಮುಖ ನೋಡುವರು, ಟೀವಿ ನೋಡುವರು, ಮೆಲ್ಲಗೆ ನಗುವರು. "ಪಾಪ, ಆಗೆಲ್ಲ ಒಂದು ಜೊತೆ ಷೂಗೂ ಗತಿ ಇರ್ಲಿಲ್ಲ," ಎಂದು ಪಾದ್ರಿಯ ಹೆಂಡತಿ ಇನ್ನೊಬ್ಬಳಿಗೆ ಹೇಳಿದಳು.

ನಾನು ಎದ್ದು ಪೆಟ್ಟಿಗೆಯ ಹತ್ತಿರ ಹೋದೆ. ಕಾಲಿನ ಕಡೆಯ ಮುಚ್ಚಳದ ಮೇಲಿದ್ದ ಹೂಗುಚ್ಛವನ್ನು ತೆಗೆದು ನೆಲದ ಮೇಲಿಟ್ಟೆ. ಆ ಮುಚ್ಚಳವನ್ನೂ ಎತ್ತಿದೆ. "ಅಕ್ಕ, ಅದನ್ನ ತೆಗೀಬಾರದು," ಎಂದು ಪರ್ವಿಸ್ ಓಡಿಬಂದ. ನನ್ನ ಮುಖ ನೋಡಿ ನಿಂತ.

ಟೀವಿ ನಗುತ್ತಲೇ ಇತ್ತು. ಸಾಲಿನಲ್ಲಿ ಯಾರೂ ನಗಲಿಲ್ಲ. ಪಾದ್ರಿಯ ಹೆಂಡತಿ ಬಗ್ಗಿ ನೋಡಿದಳು, ತುಂಬ ಹೊತ್ತು ನೋಡಿದಳು.

"ಒಳ್ಳೇ ಷೂ," ಎಂದಳು.

"ಹ್ಞೂಂ," ಎಂದೆ. "ಅವತ್ತೂ ಇದೇ ಹಾಕಿದ್ದಳು."