ಇನ್ನೂ ಪಕ್ಕಾ ಆಗಿಲ್ಲ

"ನನ್ನ ರಾಶಿ ಕೆಟ್ಟು ಹೋಗತೈತ್ರಿ! ಲಗೂನ ಏನರ ಮಾಡ್ರಿ!"

ಗುಡಗೇರಿಯ ರೈತ ಸಂಘದ ಕಚೇರಿಗೆ ನಾನು ಕಂಪ್ಯೂಟರ್ ಕೆಲಸಕ್ಕೆ ಸೇರಿದ ಹೊಸತು. ನೀಲವ್ವ ಎಂಬ ರೈತ ಮಹಿಳೆ ಬಾಗಿಲಲ್ಲೇ ನಿಂತು ಕೂಗಿದರು. ಮೈಸೂರಿನವಳಾದ ನನಗೆ ರಾಶಿ ಎಂದರೆ ಮೇಷ, ವೃಷಭ. ಜಾತಕದ ತೊಂದರೆಗೆ ನನ್ನ ಹತ್ತಿರ ಯಾಕೆ ಬಂದರು ಎಂದು ಪೆಚ್ಚಾಗಿ ನೋಡಿದೆ. ನಾವು ಒಕ್ಕಣೆ ಎನ್ನುವುದೇ ಅಲ್ಲಿ ರಾಶಿ ಎಂದು ತಿಳಿಯುವಷ್ಟರಲ್ಲಿ ಇನ್ನೊಬ್ಬ ರೈತ ಮಲ್ಲಪ್ಪ ಗೌಡರೂ ಬಂದರು. ಇಬ್ಬರ ಫೋನಿನಲ್ಲೂ ಹಸಿರು ಅಕ್ಷರದಲ್ಲಿ ಒಂದೇ ಮಾತು: "ಕಾಯ್ದಿರಿಸಲಾಗಿದೆ." ಸಂಘದಲ್ಲಿ ಇರುವುದು ಒಂದೇ ರಾಶಿ ಮಷೀನು. ಇಬ್ಬರೂ ಹೆಸರಿನ ಬೆಳೆ ಕಿತ್ತು ಹೊಲದಲ್ಲಿ ಒಟ್ಟಿದ್ದಾರೆ. ಹೊರಗೆ ಮೋಡ ಕಪ್ಪಾಗುತ್ತಿತ್ತು.

ಗಂಡನಿಗೆ ಅಲ್ಲಿನ ಶಾಲೆಯಲ್ಲಿ ಕೆಲಸವಾಯಿತೆಂದು ಹೋದವಳು ನಾನು. ಮೊದಮೊದಲು ಊಟದ ಖಾರಕ್ಕಿಂತ ಮಾತಿನ ಖಾರಕ್ಕೇ ಕಣ್ಣು ತುಂಬುತ್ತಿತ್ತು. ನಮ್ಮ ಕಡೆ "ಸ್ವಲ್ಪ ನೋಡ್ತೀರಾ" ಎಂದು ಎಳೆಯುವುದನ್ನು ಅಲ್ಲಿ "ನೋಡ್ರಿ" ಎಂದು ಮುಗಿಸಿಬಿಡುತ್ತಾರೆ. ಪ್ರತಿಯೊಂದೂ ಗದರಿಕೆಯಂತೆ ಕೇಳುತ್ತಿತ್ತು. ಅಂದು ಮಾತ್ರ ಇಬ್ಬರೂ ನಿಜವಾಗಿಯೇ ಗದರುತ್ತಿದ್ದರು.

ಮಷೀನು ಕಾಯ್ದಿರಿಸುವ ಆ ವೆಬ್ ಆ್ಯಪ್ ನನಗಿಂತ ಹಿಂದೆ ಇದ್ದವರು ಬರೆದದ್ದು. ತೆರೆದು ನೋಡಿದೆ. ಇಂಥ ಕೆಲಸದಲ್ಲಿ ಕಂಟ್ರೋಲರ್ ಎಂಬ ಭಾಗ ಕೋರಿಕೆ ಕೇಳಿಸಿಕೊಂಡು, ವಿಚಾರಿಸಿ, ತೀರ್ಮಾನಿಸಬೇಕು. ವ್ಯೂ ಎಂಬುದು ಆ ತೀರ್ಮಾನವನ್ನು ಪರದೆಯ ಮೇಲೆ ತೋರಿಸಬೇಕು, ಅಷ್ಟೇ. ಇಲ್ಲಿ ಗುಂಡಿ ಒತ್ತಿದ ಕೂಡಲೇ ವ್ಯೂ ಯಾರನ್ನೂ ಕೇಳದೆ ಹಸಿರು ತೋರಿಸುತ್ತಿತ್ತು.

"ತಪ್ಪು ಆ್ಯಪಿನದು. ಮಷೀನು ಇನ್ನೂ ಯಾರಿಗೂ ಕೊಟ್ಟಿಲ್ಲ" ಎಂದೆ.

"ಹಂಗಾದ್ರ ಈಗ ನೀವ ಹೇಳ್ರಿ, ಯಾರಿಗೆ?" ಎಂದರು ಗೌಡರು.

ಸಂಘದ ಅಧ್ಯಕ್ಷರು ಫೋನು ಎತ್ತಲಿಲ್ಲ. ಕಂಟ್ರೋಲರ್ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನೇ ಕೇಳಿದೆ: "ಒಟ್ಟಿದ್ದರ ಮೇಲೆ ತಾಡಪತ್ರಿ ಯಾರು ಹೊದಿಸಿದ್ದೀರಿ?"

ಗೌಡರು ಹೊದಿಸಿದ್ದರು. ನೀಲವ್ವನವರ ಹತ್ತಿರ ತಾಡಪತ್ರಿಯೇ, ಅಂದರೆ ಟಾರ್ಪಾಲೇ, ಇರಲಿಲ್ಲ. ಮಷೀನು ಮೊದಲು ಅವರ ಹೊಲಕ್ಕೆ ಎಂದೆ.

"ನಿನ್ನೆ ಮೊನ್ನೆ ಬಂದೋರು ನಮಗ ನ್ಯಾಯ ಹೇಳ್ತೀರೇನ್ರಿ?" ಗೌಡರು ಮೇಜು ಬಡಿದರು. ನಾನು ಮಾತು ಬದಲಾಯಿಸಲಿಲ್ಲ.

ನೀಲವ್ವನವರ ಕಾಳು ಚೀಲ ಸೇರಿತು. ಗೌಡರ ಹೊಲಕ್ಕೆ ಮಷೀನು ಹೊರಡುವ ಮೊದಲೇ ಮಳೆ ಇಳಿಯಿತು. ಗಾಳಿಗೆ ತಾಡಪತ್ರಿ ಹಾರಿ ಅವರ ಬೆಳೆಯ ಒಂದು ಬದಿ ನೆನೆದು ಮೊಳಕೆಯೊಡೆಯಿತು. ಅದನ್ನು ಕೇಳಿ ನನಗೆ ಅನ್ನ ಸೇರಲಿಲ್ಲ. ಸಂತೆಯಲ್ಲಿ ಕಂಡರೆ ಅವರು ಮುಖ ತಿರುಗಿಸುತ್ತಿದ್ದರು.

ಆ್ಯಪನ್ನು ಬುಡದಿಂದ ಬರೆದೆ. ತೀರ್ಮಾನವೆಲ್ಲ ಕಂಟ್ರೋಲರಿನಲ್ಲಿ, ವ್ಯೂನಲ್ಲಿ ಮಾತು ಮಾತ್ರ. ನೋಡಿ ಹೇಳಲು ರೈತರನ್ನು ಕರೆದಾಗ ನೀಲವ್ವನವರ ಜೊತೆ, ನಾನು ಎಣಿಸದಿದ್ದ ಗೌಡರೂ ಬಂದರು. ಗೌಡರು ಕನ್ನಡಕ ಏರಿಸಿ, ಪರದೆಯ ಮೇಲಿನ "ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ" ಎಂಬುದನ್ನು ಓದಿದರು.

"ಇದು ಯಾರ ಭಾಷಾರಿ? 'ಇನ್ನೂ ಪಕ್ಕಾ ಆಗಿಲ್ಲ' ಅಂತ ಬರೀರಿ. ಆವಾಗ ಮಂದಿ ಕಾಯ್ತಾರ."

"ಹೌದ್ ನೋಡ್ರಿ" ಎಂದರು ನೀಲವ್ವ. ಹಾಗೆಯೇ ಬರೆದೆ. ಹೋಗುವಾಗ ಗೌಡರು, "ಅವತ್ತು ನಂಗ ಸಿಟ್ಟು ಬಂದಿತ್ತು ಖರೆ. ನೀವು ಕೇಳಿದ್ದು ತಪ್ಪಲ್ಲ" ಎಂದರು.

ಈಗ ಅಮ್ಮನನ್ನು ನೋಡಲು ಮೈಸೂರಿಗೆ ಬಂದಿದ್ದೇನೆ. ನನ್ನ ಮಾತು ಒರಟಾಗಿದೆ ಎಂದು ಅಮ್ಮ ಗೊಣಗುತ್ತಾಳೆ. ಗುಡಗೇರಿಯಲ್ಲಿ ನನ್ನ ಮಾತು ಮೆತ್ತಗೆ ಎಂದು ನಗುತ್ತಾರೆ. ನಿನ್ನೆ ಗೌಡರು ಫೋನು ಮಾಡಿ, "ಊರಿಗೆ ಯಾವಾಗ ಬರ್ತೀರಿ?" ಎಂದರು. ನನ್ನ ಊರಿನಲ್ಲೇ ಇದ್ದೇನಲ್ಲ ಎನ್ನಲು ಬಾಯಿ ತೆರೆದವಳು, "ಸೋಮವಾರ ಬರ್ತೀನ್ರಿ" ಎಂದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ಅದನ್ನು ಕೇಳಿಸಿಕೊಂಡಳು.